ಫಿರಂಗಿಯನ್ನು ಎಳೆದವರು ಯಾರು?

ಪ್ರಿಯ ಶಿಷ್ಯರೇ, ಬಂಧುಗಳೇ,

ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬನು ಎಪ್ಪತ್ತು ದಾಟಿದ ಮೇಲೆ ಗೊಂಬೆ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತ ಕುಳಿತನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಈ ಬರಹವನ್ನು ಕೊನೆಯವರೆಗೆ ಓದಿ ನಗಬೇಕೆಂದು ನನ್ನ ಕೋರಿಕೆ.

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹದಿನಾಲ್ಕು ವರ್ಷದ ಮೊಮ್ಮಗನ ಮೇಜಿನ ಮೇಲೆ ಒಂದು ಪುಟ್ಟ ಸೈನ್ಯವನ್ನೇ ಕಂಡೆನು. ಒಬ್ಬೊಬ್ಬ ಸಿಪಾಯಿಯ ಎತ್ತರ ಇಪ್ಪತ್ತೆಂಟು ಮಿಲಿಮೀಟರ್. ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ಹೆಚ್ಚಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೈ, ತಲೆ, ಬಂದೂಕುಗಳು ಬಿಡಿಬಿಡಿಯಾಗಿ ಬರುತ್ತವೆ. ಅವನ್ನು ಕತ್ತರಿಸಿ, ಅಚ್ಚಿನ ಗೆರೆಯನ್ನು ಚಾಕುವಿನಿಂದ ಹೆರೆದು, ಅಂಟಿನಿಂದ ಜೋಡಿಸಬೇಕು. ಬಳಿಕ ಪ್ರೈಮರ್ ಹೊಡೆದು, ನೀರು ಬೆರೆಸಿದ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಬೇಕು. ಅದರ ಮೇಲೆ ತಿಳಿಯಾದ ಕಪ್ಪು ಬಣ್ಣವನ್ನು ಹರಿಸಿದರೆ ಅದು ಬಟ್ಟೆಯ ಮಡಿಕೆಗಳಲ್ಲಿ ಇಳಿದು ನೆರಳಾಗಿ ನಿಲ್ಲುತ್ತದೆ. ಉಬ್ಬಿದ ಕಡೆಗೆ ತಿಳಿಬಣ್ಣ, ಕೊನೆಗೆ ವಾರ್ನಿಷ್. ಹೀಗೆ ಸಿದ್ಧವಾದ ಸೇನೆಗಳನ್ನು ಎದುರುಬದುರು ನಿಲ್ಲಿಸಿ, ಅಳತೆಪಟ್ಟಿಯಿಂದ ನಡೆಯನ್ನು ಅಳೆದು, ದಾಳ ಉರುಳಿಸಿ ಯುದ್ಧದಾಟ ಆಡುತ್ತಾರೆ.

ನನಗೆ ಮೊದಲು ಇದು ಹಿಡಿಸಲಿಲ್ಲ. ಕೊಲ್ಲುವುದನ್ನು ಮಕ್ಕಳಿಗೆ ಆಟವಾಗಿ ಕಲಿಸಬೇಕೇ ಎಂದು ಮಗಳನ್ನು ಕೇಳಿದೆನು. ಅವಳು ನಕ್ಕು, “ಅಪ್ಪಾ, ಚದುರಂಗದಲ್ಲಿ ಆನೆ, ಕುದುರೆ, ಪದಾತಿ ಇಲ್ಲವೇ? ನಮ್ಮ ಮನೆಯ ದಸರಾ ಗೊಂಬೆಗಳ ಸಾಲಿನಲ್ಲಿ ಅಮ್ಮ ಸಿಪಾಯಿಗಳನ್ನು ಕೂರಿಸುತ್ತಿರಲಿಲ್ಲವೇ?” ಎಂದಳು. ನಾನು ನಿರುತ್ತರನಾದೆನು. ಈ ಆಟಕ್ಕೆ ನಿಯಮಗಳನ್ನು ಬರೆದು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ ಎಚ್. ಜಿ. ವೆಲ್ಸ್ ಅವರು, ನಿಜವಾದ ಯುದ್ಧಕ್ಕಿಂತ ಆಟಿಕೆಯ ಯುದ್ಧವೇ ಲೇಸೆಂದು ವಾದಿಸಿದ್ದರು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದನ್ನು ಆರಂಭಿಸಿದವರು ಗೊಂಬೆ ಆಡಿದ ಹುಡುಗರೆಂದು ಯಾರೂ ಹೇಳಲಾರರು.

ಮೊಮ್ಮಗನು ಕಟ್ಟುತ್ತಿದ್ದುದು ಮೈಸೂರು ಯುದ್ಧಗಳ ಸೈನ್ಯವೆಂದು ತಿಳಿದಾಗ ನನ್ನ ಕನ್ನಡಕ ತಾನಾಗಿಯೇ ಮೂಗಿನ ಮೇಲೆ ಏರಿತು. ಟಿಪ್ಪುವಿನ ಪದಾತಿಯ ಅಂಗಿಗೆ ಹುಲಿಪಟ್ಟೆಯ ಗುರುತನ್ನು ಅವನು ಒಂದೊಂದಾಗಿ ಬರೆಯುತ್ತಿದ್ದನು. ಕೆಂಪಂಗಿಯ ಕಂಪನಿ ಸೈನ್ಯದಲ್ಲಿ ಹೆಚ್ಚಿನವರ ಮುಖಕ್ಕೆ ಕಂದು ಬಣ್ಣ ಹಚ್ಚಿದ್ದನು. “ಇದೇಕೆ?” ಎಂದೆನು. “ತಾತ, ಕಂಪನಿಯ ಸೈನ್ಯದಲ್ಲಿ ಹೆಚ್ಚಿನವರು ಮದ್ರಾಸಿನ ಸಿಪಾಯಿಗಳಲ್ಲವೇ?” ಎಂದನು. ಮೂವತ್ತೈದು ವರ್ಷ ನಾನು ನಿಮಗೆ “ಇಂಗ್ಲಿಷರ ಸೈನ್ಯ, ಮೈಸೂರಿನ ಸೈನ್ಯ” ಎಂದು ಹಲಗೆಯ ಮೇಲೆ ಎರಡು ಕಂಬ ಎಳೆದು ಪಾಠ ಮುಗಿಸಿದವನು. ಮುಖಕ್ಕೆ ಬಣ್ಣ ಹಚ್ಚಬೇಕಾಗಿ ಬಂದಿದ್ದರೆ ನಾನೂ ಆ ಪ್ರಶ್ನೆಯನ್ನು ಎದುರಿಸಬೇಕಾಗುತ್ತಿತ್ತು.

ನಿಮ್ಮನ್ನು ಪ್ರವಾಸಕ್ಕೆ ಕರೆದೊಯ್ದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯನ್ನು ತೋರಿಸಿದ್ದು ನೆನಪಿದೆಯೇ? 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿ ನಡೆದ ಪೊಳ್ಳಿಲೂರಿನ ಯುದ್ಧ ಅಲ್ಲಿದೆ. ಚೌಕವಾಗಿ ನಿಂತ ಕೆಂಪಂಗಿಯವರ ನಡುವೆ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಚಿತ್ರಕಾರರೂ ಸಣ್ಣ ಸಣ್ಣ ಸಿಪಾಯಿಗಳಿಗೆ ಬಣ್ಣ ಹಚ್ಚಿದವರೇ. ಆದುದರಿಂದ ಇದು ನಮಗೆ ತೀರ ಹೊರಗಿನ ವಿದ್ಯೆಯೇನೂ ಅಲ್ಲ.

ಆದರೂ ನನ್ನದೊಂದು ತಕರಾರಿದೆ, ಅದನ್ನು ಹೇಳುವುದಕ್ಕಾಗಿಯೇ ಈ ಬರಹ. ಮೊಮ್ಮಗನ ಮೇಜಿನ ಮೇಲೆ ಎಂಬತ್ತು ಸಿಪಾಯಿಗಳೂ ಮೂರು ಫಿರಂಗಿಗಳೂ ಇದ್ದವು. “ಈ ಫಿರಂಗಿಯನ್ನು ಇಲ್ಲಿಯವರೆಗೆ ಎಳೆದು ತಂದವರು ಯಾರು?” ಎಂದು ಕೇಳಿದೆನು. ಅವನು ಸುಮ್ಮನಾದನು. ಆ ಪ್ರಶ್ನೆ ನನ್ನದಲ್ಲವೆಂಬುದು ಕೇಳಿದ ಮರುಕ್ಷಣವೇ ನನಗೆ ಹೊಳೆಯಿತು.

1978ರಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಇದೇ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ರೈತರ ಹುಡುಗನೊಬ್ಬನು ಎದ್ದು, “ಸಾ, ಅಷ್ಟೊಂದು ಎತ್ಗೆ ಹುಲ್ಲು ಎಲ್ಲಿಂದ ತರೋರು?” ಎಂದು ಕೇಳಿದನು. ತರಗತಿ ಗೊಳ್ಳೆಂದಿತು. ನಾನೂ ನಕ್ಕೆನು. “ಪರೀಕ್ಷೆಗೆ ಬರುವುದನ್ನು ಕೇಳು, ಕುಳಿತುಕೋ” ಎಂದೆನು. ಆ ಹುಡುಗ ಆ ವರ್ಷ ಮತ್ತೆ ಏನನ್ನೂ ಕೇಳಲಿಲ್ಲ.

ಯುದ್ಧದ ಮರ್ಮವೇ ಆ ಪ್ರಶ್ನೆಯಲ್ಲಿತ್ತು. 1791ರ ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸನು ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದನು. ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ದಾರಿಯುದ್ದಕ್ಕೂ ಮೇವು, ಧಾನ್ಯ ಸಿಗದಂತೆ ಟಿಪ್ಪು ಮಾಡಿದ್ದನು, ಮಳೆಯೂ ಹಿಡಿದಿತ್ತು. ಎತ್ತುಗಳು ಸತ್ತವು. ಎಳೆಯುವವರಿಲ್ಲದ ಭಾರಿ ಫಿರಂಗಿಗಳನ್ನು ಕಾರ್ನ್‌ವಾಲಿಸನು ತಾನೇ ನಾಶಮಾಡಿಸಿ ಹಿಂದಿರುಗಬೇಕಾಯಿತು. ಗೆದ್ದವನು ಹಿಂದಿರುಗಿದ್ದು ಹುಲ್ಲಿಲ್ಲದೆ! ಮುಂದೆ ಕಂಪನಿಯ ಸೇನೆಗೆ ಧಾನ್ಯ ಹೊತ್ತು ತಂದವರಲ್ಲಿ ಲಂಬಾಣಿಗಳಿದ್ದರು. ಮೈಸೂರಿನ ಬಲದ ಒಂದು ಪಾಲು ಅಮೃತಮಹಲ್ ಎತ್ತುಗಳ ನಡಿಗೆಯಲ್ಲಿತ್ತು. ಇವರಾರಿಗೂ ನನ್ನ ಹಲಗೆಯ ಮೇಲೆ ಜಾಗವಿರಲಿಲ್ಲ. ಮೊಮ್ಮಗನ ಮೇಜಿನ ಮೇಲೆಯೂ ಇರಲಿಲ್ಲ.

ಹೀಗಾಗಿ ನನ್ನ ಅಭಿಪ್ರಾಯವಿಷ್ಟು: ಈ ಹವ್ಯಾಸವನ್ನು ಮಕ್ಕಳಾಟವೆಂದು ಜರೆಯಬೇಡಿ. ಒಂದು ಗುಂಡಿಯ ಬಣ್ಣಕ್ಕಾಗಿ ಹತ್ತು ಪುಸ್ತಕ ತಿರುವುವ ಹುಡುಗನು ನನ್ನ ಇಸವಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗಿಂತ ಹೆಚ್ಚು ಕಲಿಯುತ್ತಾನೆ. ಆದರೆ ಸಿಪಾಯಿಯನ್ನು ಮಾಡುವವನು ಎತ್ತನ್ನೂ ಮಾಡಬೇಕು. ಹಸಿವಿಲ್ಲದ, ಕೆಸರಿಲ್ಲದ ಯುದ್ಧವನ್ನಷ್ಟೇ ಆಡಿದ ಮಗು ಯುದ್ಧವೆಂದರೆ ಅಚ್ಚುಕಟ್ಟಾದ ಸಾಲುಗಳೆಂದು ನಂಬೀತು. ನನ್ನ ಪಾಠವೂ ನಿಮಗೆ ಅಂಥದೇ ನಂಬಿಕೆಯನ್ನು ಕೊಟ್ಟಿರಬಹುದು.

ಮೊಮ್ಮಗನು ಲೋಹದ ಆರು ಎತ್ತುಗಳನ್ನು ತರಿಸಿದನು. ಅವು ಯೂರೋಪಿನ ಎತ್ತುಗಳು; ಹಿಣಿಲೇ ಇರಲಿಲ್ಲ! ಎರಡು ಬಗೆಯ ಮೇಣವನ್ನು ಕಲಸಿ ಒಂದೊಂದರ ಹೆಗಲ ಮೇಲೂ ನಾನೇ ಹಿಣಿಲನ್ನು ಕೂರಿಸಿ, ಬೂದು ಬಣ್ಣ ಬಳಿದು, ಕತ್ತಿನ ಬಳಿ ತುಸು ಕಪ್ಪಾಗಿಸಿದೆನು. ಕೈ ನಡುಗುತ್ತದೆ, ಒಂದಕ್ಕೆ ಕಣ್ಣು ಸೊಟ್ಟಗಾಯಿತು. ಆಟಕ್ಕೆ ಹೊಸ ನಿಯಮವೊಂದನ್ನೂ ಸೇರಿಸಿದೆವು: ಮೇವು ಸಿಗದಿದ್ದರೆ ಫಿರಂಗಿ ಕದಲಕೂಡದು. ನಾಲ್ಕನೆಯ ಸುತ್ತಿನಲ್ಲಿ ಮೊಮ್ಮಗನು ತಲೆಯ ಮೇಲೆ ಕೈಹೊತ್ತು, “ತಾತ, ಹೀಗಾದರೆ ಮುಂದಕ್ಕೆ ಹೋಗುವುದಕ್ಕೇ ಆಗುವುದಿಲ್ಲ” ಎಂದನು. “ಅವನಿಗೂ ಆಗಲಿಲ್ಲ ಮಗು” ಎಂದೆನು.

ಹಿಂದಿನ ಬೆಂಚಿನ ಆ ಹುಡುಗನಿಗೆ ಈಗ ಅರವತ್ತು ದಾಟಿರಬೇಕು. ಅವನು ಇದನ್ನು ಓದುತ್ತಿದ್ದರೆ ತಿಳಿಯಲಿ: ಅಪ್ಪಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ಉತ್ತರ ಗೊತ್ತಿಲ್ಲದೆ ನಕ್ಕವನು ನಾನು.