4,256 ಚೆಂಡುಗಳ ಗೋಡೆ

ಅಮೆರಿಕದ ಸಿನ್ಸಿನಾಟಿ ನಗರದ ಬೇಸ್‌ಬಾಲ್ ತಂಡ ‘ರೆಡ್ಸ್’. ಅದರ ಕ್ರೀಡಾಂಗಣದ ಮಗ್ಗುಲಲ್ಲೇ ತಂಡದ ಕೀರ್ತಿಶಾಲಿ ಆಟಗಾರರ ವಸ್ತುಸಂಗ್ರಹಾಲಯವಿದೆ. ಒಳಗೊಂದು ಗೋಡೆ; ಮೂರು ಅಂತಸ್ತಿನ ಎತ್ತರಕ್ಕೂ ಬರೀ ಚೆಂಡುಗಳು. ಎಣಿಸಿದರೆ 4,256! ಪೀಟ್ ರೋಸ್ ಗಳಿಸಿದ ‘ಹಿಟ್’ಗಳು, ಅಂದರೆ ಚೆಂಡನ್ನು ಬಾರಿಸಿ ಔಟಾಗದೆ ಬೇಸ್ ತಲುಪಿದ ಸಲಗಳು, ಅಷ್ಟು. ಮೇಜರ್ ಲೀಗ್‌ನಲ್ಲಿ ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಇದೇ ರೋಸ್, ರೆಡ್ಸ್ ತಂಡದ ಮ್ಯಾನೇಜರ್ ಆಗಿದ್ದಾಗ ಬೇಸ್‌ಬಾಲ್ ಪಂದ್ಯಗಳ ಮೇಲೆಯೇ ಬಾಜಿ ಕಟ್ಟಿದರೆಂದು 1989ರಲ್ಲಿ ಆಜೀವ ಬಹಿಷ್ಕಾರಕ್ಕೆ ಒಳಗಾದರು. ಇಲ್ಲವೆನ್ನುತ್ತಲೇ ಹದಿನೈದು ವರ್ಷ ಕಳೆದು, 2004ರಲ್ಲಿ ಒಪ್ಪಿಕೊಂಡರು. ಕೂಪರ್ಸ್‌ಟೌನ್‌ನ ರಾಷ್ಟ್ರೀಯ ಕೀರ್ತಿಮಂದಿರದ ಬಾಗಿಲು ಬದುಕಿರುವವರೆಗೂ ಅವರಿಗೆ ತೆರೆಯಲಿಲ್ಲ. ಹುಟ್ಟೂರಿನ ತಂಡಕ್ಕೆ ಅಷ್ಟು ಕಠಿಣವಾಗಲು ಮನಸ್ಸು ಬಂದೀತೆ? 2016ರಲ್ಲಿ ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಸೇರಿಸಿಕೊಂಡಿತು. ರೋಸ್ 2024ರಲ್ಲಿ ತೀರಿಕೊಂಡರು; ಬಹಿಷ್ಕಾರ ತೆರವಾದದ್ದು 2025ರಲ್ಲಿ.