ಎಲ್ಲರಿಗೂ ಅದೇ ಗಳಿಗೆ

ಝುಲ್‌ಹಜ್ಜ್ 12ರಂದು ಮಿನಾದಲ್ಲಿ ಕಲ್ಲೆಸೆದು ಸೂರ್ಯಾಸ್ತಕ್ಕೆ ಮೊದಲೇ ಹೊರಡಲು ಅನುಮತಿಯಿದೆ. ‘ಮಧ್ಯಾಹ್ನವಾದ ಕೂಡಲೇ ಮುಗಿಸಿಬಿಡೋಣ’ ಎಂದು ಹಾಜಿಯೊಬ್ಬರು ತಾವಾಗಿಯೇ ನಿರ್ಧರಿಸುತ್ತಾರೆ. ಪಕ್ಕದ ಡೇರೆಯವರೂ ಅವರನ್ನು ಕೇಳದೆ ಹಾಗೆಯೇ ನಿರ್ಧರಿಸುತ್ತಾರೆ. ಲಕ್ಷಾಂತರ ಮಂದಿಗೆ ಗಡುವು ಒಂದೇ, ದಾರಿ ಒಂದೇ; ಆದ್ದರಿಂದ ಗಳಿಗೆಯೂ ಒಂದೇ.

2006ರ ಜನವರಿ 12ರಂದು ಜಮರಾತ್ ಸೇತುವೆಯ ಬಾಗಿಲಲ್ಲಿ ಆ ಗಳಿಗೆ 340ಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆಯಿತು. ಯಾರೂ ಯಾರ ಕೆಡುಕನ್ನೂ ಬಯಸಿರಲಿಲ್ಲ.

ನೂಕುನುಗ್ಗಲು ಯಾವಾಗ, ಎಲ್ಲಿ ಎಂದು ಮೊದಲೇ ಊಹಿಸಬಹುದಾದರೆ ತಡೆಯಲೂಬಹುದು. ಹಳೆಯ ಸೇತುವೆ ಕೆಡವಿ ಹಲವು ಅಂತಸ್ತಿನದನ್ನು ಕಟ್ಟಿದರು. ಹೋಗುವ, ಬರುವ ದಾರಿಗಳನ್ನು ಬೇರ್ಪಡಿಸಿದರು. ತಂಡಗಳಿಗೆ ಸಮಯ ಹಂಚಿದರು.

ನಿಮ್ಮ ಮನೆಯ ಹಿರಿಯರು ಹಜ್ಜ್‌ಗೆ ಹೊರಟಾಗ, ತಂಡಕ್ಕೆ ಕೊಟ್ಟ ಸಮಯ ಮೀರಬೇಡಿರೆಂದು ನೆನಪಿಸಿ. ಆ ತಾಳ್ಮೆ ಅಪರಿಚಿತನೊಬ್ಬನ ಪ್ರಾಣ ಉಳಿಸೀತು.