ಬೆಂಗಳೂರಿನ ಬೆಂಕಿಗೆ ಹೊಣೆಗಾರರು ಯಾರು?

2015ರ ಮೇ 9ರ ಸಂಜೆ ಮುಂಬೈನ ಕಾಲ್ಬಾದೇವಿಯಲ್ಲಿ ಗೋಕುಲ್ ನಿವಾಸ್ ಎಂಬ ಹಳೇ ಕಟ್ಟಡಕ್ಕೆ ಬೆಂಕಿ ಬಿತ್ತು. ಒಳಗಿದ್ದ ಕುಟುಂಬಗಳನ್ನು ಹೊರಗೆ ಕರೆತಂದಿದ್ದರು. ಆಮೇಲೆ ಕಟ್ಟಡ ಕುಸಿಯಿತು. ಇಬ್ಬರು ಅಗ್ನಿಶಾಮಕ ಅಧಿಕಾರಿಗಳು ಅವಶೇಷಗಳಡಿ ಸತ್ತರು. ಮೈಯೆಲ್ಲ ಸುಟ್ಟುಹೋಗಿದ್ದ ಉಪ ಮುಖ್ಯಾಧಿಕಾರಿ ಸುಧೀರ್ ಅಮೀನ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೇ 24ರಂದು ದಳದ ಮುಖ್ಯಸ್ಥ ಸುನಿಲ್ ನೆಸರಿಕರ್ ಕೂಡ ಹೋದರು.

ಮುಖ್ಯಸ್ಥರು ಬೆಂಕಿಗೆ ಅಷ್ಟು ಹತ್ತಿರ ಹೋಗಬೇಕಿತ್ತೇ ಎಂದು ಆಗ ಕೇಳಿದವರಿದ್ದರು. ಕೇಳಬೇಕಾದ ಪ್ರಶ್ನೆಯೇ. ನಾನು ಹುತಾತ್ಮರ ಪೂಜೆಗೆ ಈ ಮಾತು ಎತ್ತುತ್ತಿಲ್ಲ. ಮುಂಬೈನಲ್ಲಿ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯ ಕೈಯಲ್ಲಿದೆ. ದಳದ ಒಳಗೇ ಬೆಳೆದು, ಹೋಸ್ ಪೈಪು ಹಿಡಿದು, ಹೊಗೆ ಕುಡಿದು, ಮೆಟ್ಟಿಲು ಮೆಟ್ಟಿಲಾಗಿ ಬಡ್ತಿ ಪಡೆದವರು ಅದರ ತಲೆಯಾಗುತ್ತಾರೆ. ಆ ಊರಿನ ಬೆಂಕಿಗೆ ಹೆಸರು ಹಿಡಿದು ಕೇಳಬಹುದಾದ ಒಬ್ಬ ಹೊಣೆಗಾರ ಇದ್ದಾರೆ.

ಬೆಂಗಳೂರಿನಲ್ಲಿ ಯಾರನ್ನು ಕೇಳೋಣ? ಇಲ್ಲಿನ ಪೊಲೀಸ್ ಕಮಿಷನರ್ ಯಾರೆಂದು ಬೀದಿಬದಿಯ ಚಹಾ ಅಂಗಡಿಯವರಿಗೂ ಗೊತ್ತಿರುತ್ತದೆ. ಬೆಂಕಿಯ ಕಮಿಷನರ್ ಎಂಬವರು ಈ ಊರಿಗಿಲ್ಲ. ಅಗ್ನಿಶಾಮಕ ಸೇವೆ ಗೃಹ ಇಲಾಖೆಯ ಅಡಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ, ಅದರ ಮಹಾನಿರ್ದೇಶಕರು ಐಪಿಎಸ್ ಅಧಿಕಾರಿ. ಫೈರ್‌ಮನ್ ಆಗಿ, ಠಾಣಾಧಿಕಾರಿಯಾಗಿ ಮೂವತ್ತು ವರ್ಷ ದುಡಿದವರು ಎಷ್ಟೇ ಸಮರ್ಥರಾದರೂ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಇದು ತಪ್ಪು, ಬದಲಾಗಲೇಬೇಕು ಎಂದು ನಾನು ಹೇಳುತ್ತೇನೆ.

ಐಪಿಎಸ್ ಅಧಿಕಾರಿಗಳ ಯೋಗ್ಯತೆಯ ಬಗ್ಗೆ ನನಗೆ ತಕರಾರಿಲ್ಲ. ಅವರು ಕಲಿತು ಬಂದ ವಿದ್ಯೆ ಬೇರೆ. ಅಪರಾಧ, ಗುಂಪು, ಕಾನೂನು ಸುವ್ಯವಸ್ಥೆ ಅವರ ಕ್ಷೇತ್ರ. ಬೆಂಕಿಯದು ಬೇರೆಯೇ ಪಾಠ. ಮುಚ್ಚಿದ ಕೋಣೆಯೊಂದರ ಬಾಗಿಲ ಸಂದಿನಿಂದ ಹೊಗೆ ಒಮ್ಮೆ ಹೊರಬಂದು, ಮರುಕ್ಷಣ ಉಸಿರೆಳೆದುಕೊಂಡಂತೆ ಒಳಗೆ ಹೋಗುತ್ತಿದ್ದರೆ, ಒಳಗಿನ ಬೆಂಕಿ ಗಾಳಿಗಾಗಿ ಕಾದಿದೆ ಎಂದರ್ಥ. ಆಗ ಬಾಗಿಲು ತೆರೆದವರ ಮುಖಕ್ಕೇ ಅದು ಭುಗಿಲೆಂದು ಹಾರುತ್ತದೆ. ಅದನ್ನು ಕಂಡೊಡನೆ ಹಿಂದೆ ಸರಿಯಬೇಕೆಂದು ತಿಳಿಯುವುದು ನೂರಾರು ಬಾಗಿಲ ಮುಂದೆ ನಿಂತು ಬಂದವರಿಗೆ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಈ ವಿದ್ಯೆಗೆಂದೇ ಇದೆ. ಅದನ್ನು ಕಲಿತವರು ಕೊನೆತನಕ ಕೈಕೆಳಗಿನವರಾಗಿಯೇ ಉಳಿಯಬೇಕೇ?

ಮುಖ್ಯಸ್ಥರ ಕೆಲಸದ ಬಹುಪಾಲು ಬೆಂಕಿ ಬೀಳುವ ಮೊದಲೇ ಮುಗಿಯಬೇಕು. ಯಾವ ಕಟ್ಟಡಕ್ಕೆ ಎಷ್ಟು ಮೆಟ್ಟಿಲು, ಏಣಿಯ ಗಾಡಿ ತಿರುಗಲು ಎಷ್ಟು ಜಾಗ, ಎಲ್ಲಿ ಬೀಗ ಹಾಕಕೂಡದು, ಎಲ್ಲ ಕಾಗದದ ಮೇಲೆ ಸಹಿಯಾಗಬೇಕು. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಹುಟ್ಟಿದ ಹೊಗೆ ಮಹಡಿ ಮಹಡಿಗೆ ಏರಿತು. ಹೊರಗೆ ಹೋಗಲು ದಾರಿ ಸಿಗದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಗೆ ಹಾರಿದರು. ಟಿವಿಯಲ್ಲಿ ಅದನ್ನು ನೋಡಿದ ಬೆಂಗಳೂರಿಗರು ಇವತ್ತಿಗೂ ಮರೆತಿಲ್ಲ. ಆ ಸಾವುಗಳು ನಿರ್ಧಾರವಾದದ್ದು ಫೆಬ್ರುವರಿ 23ಕ್ಕೆ ಬಹಳ ಮುಂಚೆ, ಆ ಮೆಟ್ಟಿಲುಗಳ ಬಾಗಿಲನ್ನು ಯಾರೂ ತಳ್ಳಿ ನೋಡದ ದಿನಗಳಲ್ಲಿ.

ಎತ್ತರದ ಕಟ್ಟಡಗಳ ನಿರಾಕ್ಷೇಪಣಾ ಪತ್ರ ಮಹಾನಿರ್ದೇಶಕರ ಹೆಸರಿನಲ್ಲೇ ಹೊರಡುತ್ತದೆ. ಆ ಹೆಸರು ವರ್ಗಾವಣೆಯ ಪಟ್ಟಿ ಬಂದಾಗ ಬದಲಾಗುತ್ತದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಪೊಲೀಸ್ ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಲೇಬೇಕೆಂದಿತು. ಆ ರಕ್ಷಣೆ ಅಗ್ನಿಶಾಮಕದ ತಲೆಗಿಲ್ಲ. ಇಲಾಖೆಯನ್ನು ಅರ್ಥಮಾಡಿಕೊಳ್ಳುವ ಹೊತ್ತಿಗೆ ಹೊರಟುಹೋಗಬೇಕಾದ ಅಧಿಕಾರಿ ಪ್ರಭಾವಿ ಬಿಲ್ಡರ್‌ನ ಕಟ್ಟಡಕ್ಕೆ ಬೀಗ ಜಡಿದು ಕೂರುತ್ತಾರೆಂದು ನಿರೀಕ್ಷಿಸುವುದು ಹೇಗೆ?

ಇದಕ್ಕೆ ಸಿದ್ಧ ಉತ್ತರವೊಂದಿದೆ: ಐಪಿಎಸ್‌ನವರಿದ್ದರೆ ಸರ್ಕಾರದಲ್ಲಿ ಮಾತು ನಡೆಯುತ್ತದೆ, ಹಣ ಬರುತ್ತದೆ, ಶಿಸ್ತು ಇರುತ್ತದೆ. ಒಳಗಿನವರನ್ನು ಕೂರಿಸಿದರೆ ಲಂಚಕ್ಕೆ ದಾರಿಯಾಗುತ್ತದೆ ಎಂದೂ ಹೇಳುತ್ತಾರೆ. ಕೊನೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತ ಪ್ರಕರಣದಲ್ಲಿ ಶಿಕ್ಷೆಗೆ ಒಳಗಾದವರಲ್ಲಿ ಅಗ್ನಿಶಾಮಕ ಅಧಿಕಾರಿಯೂ ಇದ್ದರು. 2017ರ ಡಿಸೆಂಬರಿನಲ್ಲಿ 14 ಜನರನ್ನು ಬಲಿ ಪಡೆದ ಮುಂಬೈನ ಕಮಲಾ ಮಿಲ್ಸ್ ಬೆಂಕಿಯ ನಂತರವೂ ಆ ದಳದ ಅಧಿಕಾರಿಯೊಬ್ಬರ ಬಂಧನವಾಯಿತು. ಆದರೆ ನೋಡಿ, ಅಲ್ಲಿ ಸಹಿ ಯಾರದೆಂದು ಹುಡುಕಿ ಹಿಡಿಯಲು ಸಾಧ್ಯವಾಯಿತು. ತಪ್ಪು ಮಾಡಿದವರನ್ನು ಕಟಕಟೆಗೆ ತರಬಲ್ಲ ವ್ಯವಸ್ಥೆಯೇ ನನಗೆ ಬೇಕಾದದ್ದು. ಇನ್ನು ಹಣಕ್ಕಾಗಿ ಪೊಲೀಸ್ ಟೋಪಿ ಬೇಕು ಎಂಬ ಮಾತು, ಅಗ್ನಿಶಾಮಕದವರ ಮಾತಿಗೆ ಸರ್ಕಾರ ಬೆಲೆ ಕೊಡುವುದಿಲ್ಲ ಎಂಬ ಒಪ್ಪಿಗೆಯೇ ಆಗಿದೆ.

ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಬಂತು. ಅದರಿಂದ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬೇಕಾದ ಕೆಲಸಗಳ ಪಟ್ಟಿಯಿದೆ. ಏಳನೆಯದು ಅಗ್ನಿಶಾಮಕ ಸೇವೆ. ಮೂರು ದಶಕ ದಾಟಿದರೂ ಕರ್ನಾಟಕ ಅದನ್ನು ಬಿಟ್ಟುಕೊಟ್ಟಿಲ್ಲ. ಪರಿಣಾಮ ಏನೆಂದು ಪೇಟೆಯ ಗಲ್ಲಿಗಳಲ್ಲಿ ನೋಡಬಹುದು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದರಲ್ಲಿ ಮಕ್ಕಳೂ ಸೇರಿ ಐವರು ಸುಟ್ಟುಹೋದರು. ಕೆಳಗೆ ಸರಕು, ಮೇಲೆ ಸಂಸಾರ ಇರುವಂಥ ಕಟ್ಟಡಗಳು ಅಲ್ಲಿ ಸಾಲುಸಾಲಾಗಿವೆ. ಅಂಗಡಿಗೆ ಪರವಾನಗಿ ಕೊಡುವುದು ಪಾಲಿಕೆ, ಬೆಂಕಿ ಆರಿಸಲು ಬರುವುದು ರಾಜ್ಯದ ಗಾಡಿ. ಎತ್ತರ ಕಡಿಮೆಯಾದ್ದರಿಂದ ಅಗ್ನಿಶಾಮಕದ ನಿರಾಕ್ಷೇಪಣಾ ಪತ್ರದ ಗೊಡವೆಯೂ ಅವಕ್ಕಿಲ್ಲ. ತೊಂಬತ್ತು ಮೀಟರ್ ಏರುವ ಏಣಿಯನ್ನು ಸರ್ಕಾರ ಕೊಂಡಿದೆ, ಸಂತೋಷ. ಆ ಗಾಡಿ ಪೇಟೆಯ ಗಲ್ಲಿಯೊಳಗೆ ತಿರುಗುವುದಿಲ್ಲ.

ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಕಳೆದ ಬೇಸಗೆಯಲ್ಲಿ ನಾಲ್ಕನೇ ಮಹಡಿಯ ಕೆಂಪು ಪೆಟ್ಟಿಗೆ ತೆರೆದು ನೋಡಿದೆ. ಹೋಸ್ ಪೈಪಿನ ತುದಿಯ ಹಿತ್ತಾಳೆಯ ನಾಜಲ್ ಇರಲಿಲ್ಲ, ಯಾರೋ ಬಿಚ್ಚಿಕೊಂಡು ಹೋಗಿದ್ದರು. ಪೈಪು ಮಡಿಕೆ ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು, ಮೂಲೆಯಲ್ಲಿ ನೆಲ ಒರೆಸುವ ಬಟ್ಟೆ ತುರುಕಿತ್ತು. ಪಕ್ಕದಲ್ಲೇ ಮೆಟ್ಟಿಲ ತಿರುವಿನಲ್ಲಿ ಚಪ್ಪಲಿ ಸ್ಟ್ಯಾಂಡು, ಮಗುವಿನ ಸೈಕಲ್ಲು. ಸಂಘದವರಿಗೆ ತಿಳಿಸಿದೆ. "ಸರ್, ಎಲ್ಲಾ ಕಡೆ ಹೀಗೇ. ಯಾರು ಬಂದು ನೋಡ್ತಾರೆ?" ಅಂದರು. ಅವರು ಹೇಳಿದ್ದು ನಿಜ. ನಾನು ಇದ್ದ ಇಷ್ಟು ವರ್ಷಗಳಲ್ಲಿ ಆ ಪೆಟ್ಟಿಗೆ ತೆರೆಯಲು ಸಮವಸ್ತ್ರದಲ್ಲಿ ಯಾರೂ ಬಂದದ್ದನ್ನು ಕಂಡಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಹಂಚಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಕೂರಿಸಲಾಯಿತು. ಪಾಲಿಕೆಗೊಬ್ಬರಂತೆ ಐವರು ಆಯುಕ್ತರು ಬಂದರು. ಇಷ್ಟು ದೊಡ್ಡ ಮನೆ ಕಟ್ಟುವಾಗ ಅಗ್ನಿಶಾಮಕಕ್ಕೆ ಒಂದು ಕೋಣೆ ಇಡಲಿಲ್ಲ. ಈಗಲಾದರೂ ಇಡಲಿ. ಪ್ರಾಧಿಕಾರದ ಅಡಿಯಲ್ಲಿ ನಗರಕ್ಕೊಬ್ಬ ಅಗ್ನಿಶಾಮಕ ಮುಖ್ಯಸ್ಥರು ಬರಲಿ, ಠಾಣೆಯಿಂದ ಮೇಲೆ ಬಂದವರು. ಕನಿಷ್ಠ ಮೂರು ವರ್ಷ ಅಲುಗಾಡಿಸದ ಅವಧಿ, ಪೇಟೆಯ ಚಿಕ್ಕ ಕಟ್ಟಡಕ್ಕೂ ಕಾಲಿಡುವ ಅಧಿಕಾರ, ತಪಾಸಣೆಯ ವರದಿಯನ್ನು ಕಟ್ಟಡದ ಬಾಗಿಲಿಗೇ ಅಂಟಿಸುವ ಕಡ್ಡಾಯ ನಿಯಮ ಇರಲಿ. ಆ ಹಾಳೆಯ ಕೆಳಗೆ ಹುದ್ದೆಯ ಮುದ್ರೆಯ ಜೊತೆಗೆ, ಓದಲು ಬರುವಂತೆ, ಅವರ ಹೆಸರಿರಲಿ.